ಇಡಾ ಫೈಫರಳ ಸಮುದ್ರಯಾನಗಳು

ಕೋಶ ಓದಬೇಕು, ದೇಶ ನೋಡಬೇಕು ಎಂಬ ಗಾದೆಯನ್ನು ಅರಿಯದವರಿಲ್ಲ. ಆದರೆ ದೇಶ ನೋಡುವ ಭಾಗ್ಯವು ಹಿಂದಿನ ಕಾಲದಲ್ಲಿ ಯಾರಿಗೆ ದೊರೆಯುತ್ತಿದ್ದಿತು? ಅರಸನ ದೂತನಿಗೆ, ವರ್ತಕನಿಗೆ, ದಂಡಿನವನಿಗೆ, ಮತಪ್ರಚಾರಕನಿಗೆ. ಇಲ್ಲವೆ ಹಿರಿಯರು ಕೂಡಿಟ್ಟ ಹಣವನ್ನು ವೆಚ್ಚಮಾಡಲು ಹೊರಟ ಸಿರಿವಂತನಿಗೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಇವರೊಳಗೆ ಯಾರೂ ಅಲ್ಲದ ಒಬ್ಬ ಗೃಹಿಣಿಯು, ನಲವತ್ತು ವರ್ಷ ಕಳೆದ ಮೇಲೆ ಅಲ್ಪಸ್ವಲ್ಪ ಹಣವನ್ನು ಸೆರಗಿಗೆ ಕಟ್ಟಿಕೊಂಡು ಒಬ್ಬಳೇ ಮನೆಯಿಂದ ಹೊರಟು, ಎರಡು ಸಾರಿ ಭೂಮಂಡಲವನ್ನು ಸುತ್ತಿ ಬಂದಳು. ಬ್ರೆಜಿಲಿನ ಕರಾವಳಿ, ತಾಹಿತಿ ದ್ವೀಪ, ಸಿಂಹಳ, ಜಾವಾ, ಸುಮಾತ್ರಾ, ಮಡಗಾಸ್ಕರ್ ಮೊದಲಾದ ಉಷ್ಣವಲಯದ ತೀರಗಳನ್ನು ಕಂಡ ಆ ಸ್ತ್ರೀಯ ಹೆಸರು ಇಡಾ ಫೈಫರ್. ಊರು ಆಸ್ಟ್ರಿಯಾ ದೇಶದ ವಿಯೆನ್ನಾ. ಆಕೆಯ ಧೈರ್ಯವನ್ನು ಕೊಂಡಾಡಿದವರು ಬಹುಮಂದಿ. ಆ ಧೈರ್ಯಕ್ಕೆ ಪಾಥೇಯವನ್ನು ಒದಗಿಸಿದುದು ಬಡ ಸಂಸಾರದಲ್ಲಿ ಆಕೆ ಕಲಿತ ಮಿತವ್ಯಯವೆಂಬುದನ್ನು ಗಮನಿಸಿದವರು ಕಡಮೆ.

ಆಕೆಯು ಕ್ರಿ. ಶ. 1797ನೆಯ ಅಕ್ಟೋಬರ್ 14ರಂದು ಸ್ಥಿತಿವಂತನಾದ ಒಬ್ಬ ವರ್ತಕನ ಮನೆಯಲ್ಲಿ ಹುಟ್ಟಿದಳು. ತಂದೆಯು ಮಗಳನ್ನು ಅಣ್ಣತಮ್ಮಂದಿರಂತೆಯೇ ಬೆಳೆಸಿದನು. ಅವಳಿಗೆ ಗಂಡುಮಕ್ಕಳ ಉಡುಪು, ಅವರದೇ ಆಟ, ಅವರದೇ ಕಟ್ಟುನಿಟ್ಟು. 1806ರಲ್ಲಿ ತಂದೆಯು ತೀರಿಕೊಂಡ ಮೇಲೆ ಆ ಸ್ವಾತಂತ್ರ್ಯ ಮುಗಿಯಿತು. ತಾಯಿಯು ಅವಳಿಗೆ ಹೆಣ್ಣುಡುಗೆ ತೊಡಿಸಿ ಪಿಯಾನೋ ವಾದ್ಯದ ಮುಂದೆ ಕೂರಿಸಿದಳು. ಆ ಪಾಠವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಹುಡುಗಿಯು ತನ್ನ ಬೆರಳನ್ನೇ ಗಾಯಮಾಡಿಕೊಂಡುದೂ ಉಂಟು. ಮುಂದೆ ಮನಸ್ಸು ಮೆಚ್ಚಿದವನೊಡನೆ ವಿವಾಹವಾಗಲು ತಾಯಿಯು ಸಮ್ಮತಿಸಲಿಲ್ಲ. 1820ರಲ್ಲಿ ಆಕೆಯು ತನಗಿಂತ 24 ವರ್ಷ ಹಿರಿಯನೂ ವಿಧುರನೂ ಆದ ಡಾಕ್ಟರ್ ಫೈಫರ್ ಎಂಬ ನ್ಯಾಯವಾದಿಯ ಕೈಹಿಡಿದು ಲೆಂಬರ್ಗ್ ನಗರಕ್ಕೆ ಹೋದಳು.

ಪತಿಯು ಪ್ರಾಮಾಣಿಕ. ಅಧಿಕಾರಿಗಳ ಲಂಚಗುಳಿತನವನ್ನು ಬಯಲಿಗೆಳೆದುದರಿಂದ ಅವನಿಗೆ ಶತ್ರುಗಳು ಹೆಚ್ಚಿದರು, ಕಕ್ಷಿಗಾರರು ದೂರವಾದರು, ಮನೆಗೆ ದಾರಿದ್ರ್ಯ ಬಂದಿತು. ಇಬ್ಬರು ಗಂಡುಮಕ್ಕಳ ಊಟಕ್ಕೆ ಒಣ ರೊಟ್ಟಿಯ ಹೊರತು ಬೇರೇನೂ ಇಲ್ಲದ ದಿನಗಳಿದ್ದುವೆಂದು ಆಕೆಯೇ ಮುಂದೆ ಬರೆದಿದ್ದಾಳೆ. ಸಿರಿವಂತರ ಮನೆಯ ಮಗಳು ಈಗ ನೆರೆಹೊರೆಯವರಿಗೆ ತಿಳಿಯದಂತೆ ಚಿತ್ರಕಲೆಯನ್ನೂ ಸಂಗೀತವನ್ನೂ ಹೇಳಿಕೊಟ್ಟು ನಾಲ್ಕು ಕಾಸು ಗಳಿಸಬೇಕಾಯಿತು. ಬಾಲ್ಯದಲ್ಲಿ ಬೇಡವೆಂದು ಬೆರಳನ್ನು ಗಾಯಮಾಡಿಕೊಂಡ ಸಂಗೀತವೇ ಮಕ್ಕಳ ಹೊಟ್ಟೆಗೆ ಆಧಾರವಾಯಿತು. ಒಂದು ನಾಣ್ಯವನ್ನು ಎಷ್ಟು ದಿನ ಬಾಳಿಸಬಹುದು, ಏನಿಲ್ಲದೆ ಬದುಕಬಹುದು, ಏನಿಲ್ಲದೆ ಬದುಕಲಾಗದು ಎಂಬುದನ್ನು ಆಕೆಯು ಈ ವರ್ಷಗಳಲ್ಲಿ ಕಲಿತಳು.

ಕಾಯಿಲೆಯ ಮಗನನ್ನು ಸಮುದ್ರಸ್ನಾನಕ್ಕೆಂದು ಟ್ರಿಯೆಸ್ಟ್ ಬಂದರಿಗೆ ಕರೆದೊಯ್ದಾಗ ಆಕೆಯು ಮೊದಲ ಬಾರಿ ಕಡಲನ್ನು ಕಂಡಳು. ಬಾಲ್ಯದಲ್ಲಿ ಪ್ರವಾಸದ ಪುಸ್ತಕಗಳನ್ನು ಓದಿ ಹುಟ್ಟಿದ್ದ ಹಂಬಲವು ಅಂದು ಮತ್ತೆ ಎಚ್ಚತ್ತಿತು. ಆದರೂ ಮಕ್ಕಳು ಕೈಗೆ ಬರುವವರೆಗೆ ಆಕೆಯು ಕಾದಳು. ಅವರು ತಮ್ಮ ಕಾಲಮೇಲೆ ನಿಂತರು. ತಾಯಿಯ ಕಡೆಯಿಂದ ಸ್ವಲ್ಪ ಆಸ್ತಿಯೂ ಬಂದಿದ್ದಿತು. 1842ನೆಯ ಮಾರ್ಚ್ 22ರಂದು, ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಡ್ಯಾನ್ಯೂಬ್ ನದಿಯ ಹೊಗೆಹಡಗನ್ನು ಹತ್ತಿದಳು. ಕಾನ್‌ಸ್ಟಾಂಟಿನೋಪಲಿಗೆ ಹೋಗಿಬರುವೆನೆಂದು ಬಂಧುಗಳಿಗೆ ಹೇಳಿದ್ದಳು. ಜೆರೂಸಲೇಮನ್ನೂ ಈಜಿಪ್ಟನ್ನೂ ನೋಡಿಕೊಂಡು ವರ್ಷದ ಕೊನೆಗೆ ಹಿಂದಿರುಗಿದಳು. ನಿಜವನ್ನು ಹೇಳಿದ್ದರೆ ಬಂಧುಗಳು ಬಿಡುತ್ತಿರಲಿಲ್ಲವೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಯಾತ್ರೆಯ ದಿನಚರಿಯನ್ನು ಒಬ್ಬ ಪ್ರಕಾಶಕನು ಮೊದಲು ಲೇಖಕಿಯ ಹೆಸರಿಲ್ಲದೆಯೇ ಅಚ್ಚುಹಾಕಿಸಿದನು. ಅದರಿಂದ ಬಂದ ಹಣವು 1845ರ ಐಸ್‌ಲೆಂಡ್ ಪ್ರವಾಸಕ್ಕೆ ಒದಗಿತು. ಅಲ್ಲಿಂದ ಮುಂದೆ ಆಕೆಯ ಆಯವ್ಯಯದ ಕ್ರಮವೇ ಹೀಗೆ: ಒಂದು ಪ್ರವಾಸದ ಪುಸ್ತಕವು ಮತ್ತೊಂದು ಪ್ರವಾಸಕ್ಕೆ ದಾರಿಖರ್ಚು. ಇದರೊಡನೆ ಇನ್ನೊಂದು ಆದಾಯವಿದ್ದಿತು. ದ್ವೀಪದ್ವೀಪಗಳಲ್ಲಿ ಚಿಟ್ಟೆ, ಜೀರುಂಡೆ, ಮೀನು, ಸಸ್ಯಗಳನ್ನು ಸಂಗ್ರಹಿಸಿ, ಕೆಡದಂತೆ ಕಾಪಾಡಿ, ವಿಯೆನ್ನಾ ಲಂಡನ್ ಮೊದಲಾದ ನಗರಗಳ ವಸ್ತುಸಂಗ್ರಹಾಲಯಗಳಿಗೆ ಮಾರುತ್ತಿದ್ದಳು. ಹೆಸರಾಂತ ಸಿರಿವಂತ ಪ್ರವಾಸಿಗಳಿಗೆ ಹದಿನೈದು ದಿನಕ್ಕೆ ಸಾಲುವ ಹಣ ತನಗೆ ಎರಡು ಮೂರು ವರ್ಷಕ್ಕೆ ಸಾಕೆಂಬುದು ಆಕೆಯ ಲೆಕ್ಕ.

1846ರಲ್ಲಿ ಹ್ಯಾಂಬರ್ಗಿನಿಂದ ಡೆನ್ಮಾರ್ಕಿನವರ ಒಂದು ಸಣ್ಣ ಹಾಯಿಹಡಗಿನಲ್ಲಿ ಹೊರಟು ರಿಯೋ ಡಿ ಜನೈರೋ ನಗರವನ್ನು ಮುಟ್ಟಿದಳು. ಅಲ್ಲಿಂದ ಪೆಟ್ರೋಪೊಲಿಸ್ ಊರಿಗೆ ಒಬ್ಬ ಪರಿಚಿತನೊಡನೆ ಕಾಲ್ನಡಿಗೆಯಲ್ಲಿ ಹೋಗುತ್ತಿರುವಾಗ ದಾರಿಯಲ್ಲಿ ಒಬ್ಬನು ಕತ್ತಿ ಹಿಡಿದು ಮೇಲೆ ಬಿದ್ದನು. ಕೈಯಲ್ಲಿದ್ದುದು ಬಿಸಿಲಿನ ಕೊಡೆ, ಜೇಬಿನಲ್ಲಿದ್ದುದು ಮಡಿಸುವ ಚೂರಿ. ತೋಳಿಗೆ ಗಾಯವಾದರೂ ಕುದುರೆಸವಾರರು ಬಂದು ಬಿಡಿಸುವವರೆಗೆ ಆಕೆಯು ಅವುಗಳಿಂದಲೇ ಹೋರಾಡಿದಳು. ಗಾಯವನ್ನು ಕಟ್ಟಿಸಿಕೊಂಡು ಪ್ರಯಾಣವನ್ನು ಮುಂದುವರಿಸಿದಳು.

1847ರ ಆರಂಭದಲ್ಲಿ ಹಾರ್ನ್ ಭೂಶಿರವನ್ನು ಸುತ್ತಿ, ವಾಲ್ಪರೈಸೊ ಬಂದರಿನಿಂದ ಪೆಸಿಫಿಕ್ ಸಾಗರವನ್ನು ದಾಟಿ, ಆಕೆಯು ತಾಹಿತಿಯನ್ನು ಸೇರಿದಳು. ಪೋಮರೆ ರಾಣಿಯ ಆ ದ್ವೀಪವು ಆಗತಾನೆ ಫ್ರೆಂಚರ ರಕ್ಷಣೆಗೆ ಒಳಪಟ್ಟಿದ್ದಿತು. ಚಿತ್ರದಂತಹ ಕಡಲ ದಂಡೆಯನ್ನು ನೋಡಿ ತೃಪ್ತಿಪಡದೆ, ಕಾಡಿನ ಹೊಳೆಯನ್ನು ಮತ್ತೆ ಮತ್ತೆ ಹಾಯ್ದು, ಬೆಟ್ಟದೊಳಗಿನ ವೈಹಿರಿಯಾ ಸರೋವರದವರೆಗೂ ಹೋಗಿಬಂದಳು. ಹಾಂಗ್‌ಕಾಂಗಿನಿಂದ ಕ್ಯಾಂಟನ್ನಿಗೆ ಹೋಗಲು ಹೊಗೆಹಡಗಿನ ಬಾಡಿಗೆ ದುಬಾರಿಯೆಂದು ಚೀಣೀಯರ ದೋಣಿಯನ್ನು ಹತ್ತಿದಳು. ಐರೋಪ್ಯ ಸ್ತ್ರೀಯೊಬ್ಬಳು ಹಾಗೆ ಒಂಟಿಯಾಗಿ ಬಂದಿಳಿದುದನ್ನು ಕಂಡು ಆ ನಗರದ ಐರೋಪ್ಯ ವರ್ತಕರು ಬೆರಗಾದರು.

ಸಿಂಗಪುರ ಸಿಂಹಳಗಳ ಮೂಲಕ ಆಕೆಯು ಭರತಖಂಡಕ್ಕೆ ಬಂದಳು. ಕಲ್ಕತ್ತ, ಕಾಶಿ, ದೆಹಲಿಗಳನ್ನು ನೋಡಿ, ಎತ್ತಿನ ಗಾಡಿಯಲ್ಲಿ ದಕ್ಷಿಣಾಭಿಮುಖವಾಗಿ ಸಾಗಿ, ಅಜಂತಾ ಎಲ್ಲೋರಗಳನ್ನು ಕಂಡು ಮುಂಬಯಿಯನ್ನು ಸೇರಿದಳು. ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಬಂಡೆಯನ್ನೇ ಕೊರೆಯಿಸಿ ಮಾಡಿಸಿದ ಕೈಲಾಸ ದೇವಾಲಯವು ಇದೇ ಎಲ್ಲೋರದಲ್ಲಿದೆ. ಮುಂಬಯಿಯಿಂದ ಬಾಗ್ದಾದ್, ಪರ್ಷಿಯಾ, ರಷ್ಯಾಗಳನ್ನು ಹಾಯ್ದು 1848ರ ನವೆಂಬರಿನಲ್ಲಿ ಆಕೆಯು ಮನೆಗೆ ಮರಳಿದಳು. ವಿಯೆನ್ನಾದಲ್ಲಿ ಆಗಷ್ಟೇ ಕ್ರಾಂತಿಯು ಅಡಗಿದ್ದಿತು. ಈ ಭೂಪ್ರದಕ್ಷಿಣೆಯ ವೃತ್ತಾಂತವು 1850ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು.

1851ರಲ್ಲಿ ಎರಡನೆಯ ಪ್ರದಕ್ಷಿಣೆಗೆ ಆಸ್ಟ್ರಿಯಾ ಸರಕಾರವು 1500 ಗುಲ್ಡನ್ ಸಹಾಯಧನವನ್ನು ಕೊಟ್ಟಿತು. ಆಫ್ರಿಕಾದ ಒಳನಾಡನ್ನು ಹೊಗಬೇಕೆಂದು ಕೇಪ್‌ಟೌನಿಗೆ ಹೋದಳು. ಅಲ್ಲಿ ವೆಚ್ಚವನ್ನು ವಿಚಾರಿಸಿದಾಗ ಆ ಹಣ ಏನೇನೂ ಸಾಲದೆಂದು ತಿಳಿಯಿತು. ಕೊರಗುತ್ತ ಕೂರದೆ ಸಿಂಗಪುರದ ಹಡಗನ್ನು ಹತ್ತಿ ಬೋರ್ನಿಯೋ, ಜಾವಾ, ಸುಮಾತ್ರಾಗಳ ಕಡೆ ತಿರುಗಿದಳು. ಹೀಗೆ ಕೈಯ ಕೊರತೆಯೇ ಆಕೆಯ ಭೂಪಟವನ್ನು ಬರೆಯಿತು. ಸುಮಾತ್ರಾದಲ್ಲಿ, ನರಭಕ್ಷಕರೆಂದು ಹೆಸರಾಗಿದ್ದ ಬತಕ್ ಜನರ ನಾಡನ್ನು 1852ರಲ್ಲಿ ಹೊಕ್ಕಳು. ಅವರು ಕತ್ತು ಕೊಯ್ಯುವ ಸನ್ನೆ ಮಾಡಿ ಹೆದರಿಸಿದಾಗ, ಹರಕುಮುರುಕು ಮಾತಿನಲ್ಲಿ, ತಾನು ಮುದುಕಿ, ತನ್ನ ತಲೆಯನ್ನು ತಿನ್ನುವುದು ಬಲು ಕಷ್ಟವೆಂದು ಹಾಸ್ಯಮಾಡಿದಳು. ಅವರು ನಕ್ಕು ದಾರಿ ಬಿಟ್ಟರು. ಮುಂದೆ ಬಟಾವಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಾಡಿಗೆಯಿಲ್ಲದ ಪ್ರಯಾಣ ದೊರೆಯಿತು. ಅಮೆರಿಕಾ ಖಂಡವನ್ನು ಸುತ್ತಿ 1855ರಲ್ಲಿ ಸ್ವದೇಶಕ್ಕೆ ಬಂದಳು.

ಈ ಕಥೆಯಲ್ಲಿ ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚುವುದು ಇತಿಹಾಸವೆನಿಸದು. ಒಂಟಿಯಾಗಿ ಹೋದಳೆಂದರೆ ನಿರಾಶ್ರಯಳಾಗಿ ಹೋದಳೆಂದಲ್ಲ. ಬಂದರುಬಂದರುಗಳಲ್ಲಿ ಆಂಗ್ಲ, ಡಚ್ ಅಧಿಕಾರಿಗಳ ಮನೆಯ ಅನ್ನವೂ ಹಾಸಿಗೆಯೂ ಆಕೆಗೆ ಒದಗುತ್ತಿದ್ದುವು. ಪರರಾಜ್ಯಗಳ ಮೇಲೆ ಹಬ್ಬುತ್ತಿದ್ದ ಐರೋಪ್ಯ ಪ್ರಭುತ್ವದ ನೆರಳಿನಲ್ಲಿಯೇ ಆಕೆಯ ಖರ್ಚು ಕಡಮೆಯಾಯಿತು. ಕರಿಯ ಜನರ, ತಾಹಿತಿಯ ಸ್ತ್ರೀಯರ ವಿಷಯದಲ್ಲಿ ಆಕೆ ಬರೆದ ಮಾತುಗಳು ಅನೇಕ ಕಡೆ ಕಠೋರ. ತನ್ನ ಸಮಾಜವು ತನಗೆ ಹಾಕಿದ ಕಟ್ಟನ್ನು ಹರಿದವಳು ಆ ಸಮಾಜದ ಅಳತೆಗೋಲನ್ನು ಮಾತ್ರ ಜೊತೆಯಲ್ಲೇ ಒಯ್ದಳು. ಆದರೆ ಕಣ್ಣಾರೆ ಕಂಡುದು ಅಭಿಪ್ರಾಯವನ್ನು ತಿದ್ದಿದ ಸಂದರ್ಭಗಳೂ ಉಂಟು. ತಲೆ ಕಡಿಯುವವರೆಂದು ಕೇಳಿದ್ದ ಬೋರ್ನಿಯೋದ ದಯಾಕರಲ್ಲಿ ಪ್ರಾಮಾಣಿಕತೆಯನ್ನೂ ಸೌಜನ್ಯವನ್ನೂ ಕಂಡು, ಅದನ್ನು ಮುಚ್ಚುಮರೆಯಿಲ್ಲದೆ ಬರೆದಳು.

ಹುಂಬೋಲ್ಟನಂತಹ ವಿದ್ವಾಂಸನು ಆಕೆಯನ್ನು ಮೆಚ್ಚಿದನು. ಬರ್ಲಿನ್ನಿನ ಭೂಗೋಳ ಸಂಘವು ಗೌರವ ಸದಸ್ಯತ್ವವನ್ನೂ ಪ್ರಷ್ಯಾದ ದೊರೆಯು ಸುವರ್ಣಪದಕವನ್ನೂ ಕೊಟ್ಟರು. ಲಂಡನ್ನಿನ ರಾಯಲ್ ಭೂಗೋಳ ಸಂಘದ ನಿಯಮದಲ್ಲಿ ಮಾತ್ರ ಸ್ತ್ರೀಯರಿಗೆ ಎಡೆಯಿರಲಿಲ್ಲ.

ಕೊನೆಯ ಯಾತ್ರೆ ಮಡಗಾಸ್ಕರಿಗೆ. 1857ರಲ್ಲಿ ಲಾಂಬರ್ ಎಂಬ ಫ್ರೆಂಚನೊಡನೆ ಅಲ್ಲಿಗೆ ಹೋದಾಗ, ಆ ದೇಶದ ರಾಣಿಯಾದ ರಣವಲೋನಳನ್ನು ಪದಚ್ಯುತಗೊಳಿಸುವ ಒಳಸಂಚೊಂದು ಬಯಲಾಯಿತು. ಲಾಂಬರನು ಅದರಲ್ಲಿ ಸೇರಿದ್ದನು. ಐರೋಪ್ಯರೆಲ್ಲರಿಗೂ ದೇಶತ್ಯಾಗದ ಆಜ್ಞೆಯಾಯಿತು. ಕೆಲವೇ ದಿನಗಳಲ್ಲಿ ಮುಗಿಯಬಹುದಾದ, ರಾಜಧಾನಿಯಿಂದ ಕಡಲ ತೀರದವರೆಗಿನ ದಾರಿಯನ್ನು, ಕಾವಲಿನವರು ಜ್ವರಪೀಡಿತವಾದ ಜೌಗುನೆಲದಲ್ಲಿ ತಡೆತಡೆದು 53 ದಿನ ನಡೆಸಿದರು. ಅಲ್ಲಿ ಹಿಡಿದ ಜ್ವರವು ಬಿಡಲಿಲ್ಲ. 1858ರ ಅಕ್ಟೋಬರಿನಲ್ಲಿ, 61ನೆಯ ವಯಸ್ಸಿನಲ್ಲಿ, ವಿಯೆನ್ನಾದಲ್ಲಿ ತನ್ನ ಸೋದರನ ಮನೆಯಲ್ಲಿ ಆಕೆಯು ದೇಹವನ್ನು ಬಿಟ್ಟಳು. ಮಡಗಾಸ್ಕರಿನ ಬರಹವನ್ನು ಮಗನು 1861ರಲ್ಲಿ ಪ್ರಕಟಿಸಿದನು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳುವುದುಂಟು. ಈ ಮಾತನ್ನು ಹೆಣ್ಣುಮಕ್ಕಳಿಗೆ ಹೇಳುವಾಗ ಬಹುಮಟ್ಟಿಗೆ ಅದರ ಅರ್ಥ ಮನೆಯಲ್ಲೇ ಇರು ಎಂದು. ಇಡಾ ಫೈಫರಳು ಆ ಗಾದೆಯನ್ನು ಮೀರಲಿಲ್ಲ. ಸಣ್ಣ ಹಾಸಿಗೆಯನ್ನು ಸುರುಳಿ ಸುತ್ತಿ ಹಡಗಿನ ಮೇಲ್ಗಟ್ಟಿನಲ್ಲಿ ಹಾಸಿದಳು. ಮಕ್ಕಳನ್ನು ಸಾಕಿದ ಲೆಕ್ಕದ ಪುಸ್ತಕವೇ ಆಕೆಗೆ ಸಾಗರ ದಾಟುವ ವಿದ್ಯೆಯನ್ನು ಕಲಿಸಿತು. 1892ರಲ್ಲಿ, ಸ್ತ್ರೀಯರ ಉಚ್ಚ ವಿದ್ಯಾಭ್ಯಾಸಕ್ಕಾಗಿ ಶ್ರಮಿಸುತ್ತಿದ್ದ ವಿಯೆನ್ನಾದ ಸ್ತ್ರೀಸಂಘವೊಂದರ ಪ್ರಯತ್ನದಿಂದ, ಆಕೆಯ ಅಸ್ಥಿಗಳನ್ನು ಆ ನಗರದ ದೊಡ್ಡ ರುದ್ರಭೂಮಿಯಲ್ಲಿ, ಗಣ್ಯರಿಗಾಗಿ ಮೀಸಲಾದ ಸ್ಥಳಕ್ಕೆ ಸಾಗಿಸಿದರು. ಹೊರಡುವಾಗ ಬಂಧುಗಳಿಗೆ ತನ್ನ ದಾರಿಯನ್ನು ಹೇಳಲಾರದೆ ಹೋದವಳಿಗೆ, ಐವತ್ತು ವರ್ಷಗಳ ಮೇಲೆ ಊರಿನವರೇ ಇತ್ತ ಗೌರವವಿದು.