ಊರಿನ ರೇಡಿಯೋದಲ್ಲಿ ಹಳೇ ಹಾಡು: ಪಟ್ಟಿ ಮಾಡೋದು ಹೇಗೆ, ನಿಯಮ ಏನು?

ಹಳೇ ಹಾಡು ತಾನೇ, ಪೆನ್ ಡ್ರೈವ್ ಹಾಕಿ ಬಿಟ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಸಮುದಾಯ ರೇಡಿಯೋದಲ್ಲಿ ಹಾಗೆ ನಡೆಯಲ್ಲ.

ಸಮುದಾಯ ರೇಡಿಯೋ ಅಂದ್ರೆ?

ಸಂಘ-ಸಂಸ್ಥೆ, ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳು ಲಾಭದ ಉದ್ದೇಶವಿಲ್ಲದೆ ನಡೆಸುವ ಚಿಕ್ಕ ಎಫ್ಎಂ ಕೇಂದ್ರ. ಸರಗೂರಿನ ಜನಧ್ವನಿ 90.8, ಮಂಗಳೂರಿನ ಸಾರಂಗ್ 107.8 ಇಂಥವೇ. ಸಾಮಾನ್ಯವಾಗಿ 100 ವ್ಯಾಟ್ ಶಕ್ತಿ, ಸುಮಾರು 10 ಕಿ.ಮೀ. ಸುತ್ತಳತೆಯ ಊರುಗಳಿಗೆ ಕೇಳಿಸುತ್ತೆ.

ಅರ್ಧ ಊರಿನದ್ದೇ ಇರಬೇಕು

ಪ್ರಸಾರದಲ್ಲಿ ಕನಿಷ್ಠ ಶೇ. 50 ಸ್ಥಳೀಯರು ಸೇರಿ ಮಾಡಿದ ಕಾರ್ಯಕ್ರಮ ಇರಬೇಕು ಅನ್ನೋದು ನಿಯಮ. ದಿನವಿಡೀ ಸಿನಿಮಾ ಹಾಡು ಹಾಕಿದರೆ ಈ ಲೆಕ್ಕ ತಪ್ಪುತ್ತೆ.

ಒಂದು ಗಂಟೆಯನ್ನು ಹೀಗೆ ಹಂಚಬಹುದು: ಹಳೇ ಹಾಡು 7, ಅಂದ್ರೆ ಸುಮಾರು 25 ನಿಮಿಷ. ಜಾಹೀರಾತು 5 ನಿಮಿಷ. ಉಳಿದ 30 ನಿಮಿಷ ಸೋಬಾನೆ ಪದ, ಭಜನೆ, ಸಂತೆಯ ಮಾತು, ಹಿರಿಯರ ನೆನಪು.

ಎಷ್ಟು ಹಾಡು ಬೇಕು?

ದಿನಕ್ಕೆ ಇಂಥ 4 ಗಂಟೆ ಅಂದ್ರೆ 28 ಹಾಡು. ಕೈಲಿ 100 ಹಾಡಷ್ಟೇ ಇದ್ರೆ ನಾಲ್ಕನೇ ದಿನಕ್ಕೇ ಮೊದಲಿನವು ವಾಪಸ್ ಬರುತ್ತವೆ. 600 ಇದ್ರೆ ಮೂರು ವಾರ ಓಡುತ್ತೆ.

ಪಟ್ಟಿಯನ್ನು ಕಾಲದ ಪ್ರಕಾರ ವಿಂಗಡಿಸಿ. ಪಿ.ಬಿ. ಶ್ರೀನಿವಾಸ್ ಅವರ 60ರ ದಶಕದ ಹಾಡು, ವಿಜಯಭಾಸ್ಕರ್ ಸಂಗೀತದ 'ನಾಗರಹಾವು' (1972), ರಾಜನ್-ನಾಗೇಂದ್ರರ 'ಎರಡು ಕನಸು' (1974), ಹಂಸಲೇಖರ 'ಪ್ರೇಮಲೋಕ' (1987). ಜೊತೆಗೆ ಭಾವಗೀತೆ. ಒಬ್ಬರೇ ಗಾಯಕರ ಎರಡು ಹಾಡು ಒಟ್ಟಿಗೆ ಬರಬಾರದು. ನಿನ್ನೆ ಬೆಳಿಗ್ಗೆ 7ಕ್ಕೆ ಬಂದ ಹಾಡು ಇವತ್ತೂ 7ಕ್ಕೇ ಬರಬಾರದು. ಪ್ರಸಾರವಾದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ, 3 ತಿಂಗಳ ರೆಕಾರ್ಡಿಂಗೂ ಇಟ್ಕೊಳ್ಳಬೇಕು.

ಹಳೇದು ಅಂದ್ರೆ ಪುಕ್ಕಟೆ ಅಲ್ಲ

ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯದ ಹಕ್ಕು ಬೇರೆ: ಬರೆದವರು ತೀರಿಕೊಂಡ ಮೇಲೆ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಗೀತೆಗಳ ಹಕ್ಕು 2054ರ ಕೊನೆಯವರೆಗೂ ಇದೆ. ರಾಗ ಹಾಕಿದವರ ಹಕ್ಕಿಗೂ ಇದೇ ಲೆಕ್ಕ. ಆದ್ದರಿಂದ ಹಾಡಿನ ಪರವಾನಗಿಗೆ ಬಜೆಟ್‌ನಲ್ಲಿ ಮೊದಲೇ ದುಡ್ಡು ತೆಗೆದಿಡಬೇಕು.

ಅಂಗಡಿಯವರಿಗೆ

ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶ ಇದೆ, 2024ಕ್ಕೂ ಮೊದಲು 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಖಾಸಗಿಯವರಿಗೆ ಎಷ್ಟು ಅಂತ ಕೇಂದ್ರದಲ್ಲೇ ಕೇಳಿ. ಸ್ಥಳೀಯ ಜಾಹೀರಾತು ಬಂದ್ರೆ ಕರೆಂಟ್ ಬಿಲ್ಲು, ಪರವಾನಗಿ ಖರ್ಚು ಸ್ವಲ್ಪ ಹಗುರ ಆಗುತ್ತೆ.

ಊರಿನವರಿಗೆ

ಮನೇಲಿ ಅಜ್ಜಿಗೆ ಬೀಸೋ ಪದ, ಸೋಬಾನೆ ಪದ ಬಂದ್ರೆ ಅವರನ್ನು ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಅಂತ ಚೀಟಿಲಿ ಬರೆದು ಕೇಂದ್ರಕ್ಕೆ ಕೊಡಿ. ಸಿನಿಮಾ ಹಾಡು ಮೊಬೈಲಲ್ಲಿ ಯಾವಾಗ ಬೇಕಾದ್ರೂ ಸಿಗುತ್ತೆ. ಅಜ್ಜಿ ಪದ ಅವರ ಜೊತೆಗೇ ಹೋಗ್ಬಿಟ್ರೆ ಮತ್ತೆ ಎಲ್ಲೂ ಸಿಗಲ್ಲ.