ರಿಪ್ಲಿ ರಸ್ತೆ, ಸೈಕಲ್ಲು ಮತ್ತು ಸಿಗದ ಊಟ

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನಲ್ಲಿದ್ದೆ. ಲಂಡನ್ನಿನ ನೈರುತ್ಯಕ್ಕೆ, ಸರ್ರೆ ಕೌಂಟಿಯಲ್ಲಿದೆ ಅದು. ಶನಿವಾರ ಬಂದರೆ ತೊಳೆಯೋ ಬಟ್ಟೆ ಬಿಟ್ಟರೆ ಬೇರೆ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ನಾನೂ ನನ್ನಾಕೆಯೂ ಎರಡು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ಸುತ್ತಲಿನ ಹಳ್ಳಿ ರಸ್ತೆಗಳನ್ನು ಸುತ್ತತೊಡಗಿದೆವು. ಅಲ್ಲಿನ ದಾರಿಗಳ ಬಗ್ಗೆ ಬರಿ ಅಂತ ಗೆಳೆಯರು ಕೇಳುತ್ತಲೇ ಇದ್ದರು. ಅದರಲ್ಲಿ ಒಂದು ದಾರಿಯ ಕಥೆ ಮಾತ್ರ ಇಲ್ಲಿ ಹೇಳುತ್ತೇನೆ.

ವೋಕಿಂಗ್‌ನಿಂದ ಪೂರ್ವಕ್ಕೆ ಹೋದರೆ ಪೈರ್‌ಫರ್ಡ್. ಅಲ್ಲಿ ದಿಬ್ಬದ ಮೇಲೆ 12ನೇ ಶತಮಾನದ ಪುಟ್ಟ ಚರ್ಚು. ದಿಬ್ಬ ಇಳಿದರೆ ನ್ಯೂವಾರ್ಕ್ ಲೇನ್. ವೇ ನದಿಯ ಬಯಲಲ್ಲಿ, ಎಂಟನೇ ಹೆನ್ರಿ ದೊರೆಯ ಕಾಲದಲ್ಲಿ ಮುಚ್ಚಿಹೋದ ನ್ಯೂವಾರ್ಕ್ ಮಠದ ಮೊಂಡುಗೋಡೆಗಳು ನಿಂತಿವೆ. ಅದನ್ನು ನೋಡುತ್ತಾ ಕಿರಿದಾದ ಸೇತುವೆಗಳನ್ನು ದಾಟಿದರೆ ರಿಪ್ಲಿ. ಒಂದು ಗಂಟೆಯೂ ಬೇಡ.

ಆ ಲೇನಿನಲ್ಲೇ ಒಂದು ದಿನ ಕಾರೊಂದು ನನ್ನ ಮೊಣಕೈ ಸವರುವಷ್ಟು ಹತ್ತಿರ ಬಂತು. ಚಾಲಕ ಕಿಟಕಿ ಇಳಿಸಿ, ರೋಡ್ ಟ್ಯಾಕ್ಸ್ ಕಟ್ಟದವನಿಗೆ ರಸ್ತೆ ಯಾಕೆ ಅಂತ ಕೂಗಿ ಹೋದ. ಕಾಲು ನಡುಗುತ್ತಿತ್ತು. ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ, ಯಾವಾಗಲೂ ಹಾಗೇ ತಾನೇ :) ಆದರೆ ಆ ಮಾತು ಕೊರೆಯುತ್ತಲೇ ಇತ್ತು. ಈ ರಸ್ತೆ ಯಾರದು ಅಂತ ಓದುತ್ತಾ ಹೋದೆ.

ರಿಪ್ಲಿ ಇರುವುದು ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಹಳೇ ಹೆದ್ದಾರಿಯ ಮೇಲೆ. ನಾಲ್ಕು ಕುದುರೆಯ ಕೋಚುಗಳು ಓಡಾಡುತ್ತಿದ್ದ ಕಾಲದಲ್ಲಿ ದಾರಿಯುದ್ದಕ್ಕೂ ಛತ್ರಗಳಂಥ ಇನ್‌ಗಳಿದ್ದವು. 1838ರಲ್ಲಿ ರೈಲು ವೋಕಿಂಗ್‌ವರೆಗೆ ಬಂತು. ಆಮೇಲೆ ಕೋಚುಗಳು ಒಂದೊಂದಾಗಿ ನಿಂತವು, ಇನ್‌ಗಳಲ್ಲಿ ನೊಣ ಹೊಡೆಯುವ ಹಾಗಾಯಿತು. ದೂರದ ಪ್ರಯಾಣಿಕರೆಲ್ಲ ರೈಲಿಗೆ ಹೋದ ಮೇಲೆ ದೊಡ್ಡ ರಸ್ತೆಗಳೇ ಹಳ್ಳಿ ರಸ್ತೆಗಳಂತಾದವು.

ಆ ಖಾಲಿ ರಸ್ತೆಗೆ ಬಂದವರು ಸೈಕಲ್ಲಿನವರು. ಮೊದಮೊದಲು ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇದ್ದ ಆ ವಿಚಿತ್ರ ವಾಹನ. ಅದರ ಮೇಲಿಂದ ಬಿದ್ದರೆ ತಲೆ ಮೊದಲು. ಹಳಬರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. 1876ರಲ್ಲಿ ಸೇಂಟ್ ಆಲ್ಬನ್ಸ್ ಕೋಚಿನ ಸಾರಥಿ ಒಬ್ಬ ಸೈಕಲ್ ಸವಾರನಿಗೆ ಚಾವಟಿಯಲ್ಲಿ ಬಾರಿಸಿದ. ಜೊತೆಗಿದ್ದ ಗಾರ್ಡು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಚಕ್ರಕ್ಕೆ ಎಸೆದು ಅವನನ್ನು ಕೆಡವಿದ. ಗುಂಡನ್ನು ಮೊದಲೇ ತಯಾರು ಮಾಡಿ ಇಟ್ಟುಕೊಂಡಿದ್ದ ಅನ್ನುವುದನ್ನು ಗಮನಿಸಿ! ಇದನ್ನು ಓದಿದ ಮೇಲೆ ನನ್ನ ಕಾರಿನವ ಬರೀ ಬೈದದ್ದು ವಾಸಿ ಅನ್ನಿಸಿತು.

ಇಂಥದ್ದನ್ನೆಲ್ಲ ಎದುರಿಸಲು ಸವಾರರು ಸಂಘ ಕಟ್ಟಿದರು. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಸಂಘಕ್ಕೆ ಆಮೇಲೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಅಂತ ಹೆಸರಾಯಿತು. ಅವರು ಇನ್‌ಗಳ ಜೊತೆ ಸದಸ್ಯರಿಗೆ ಇಂತಿಷ್ಟೇ ದರ ಎಂದು ಒಪ್ಪಂದ ಮಾಡಿಕೊಂಡರು. ಒಪ್ಪಿದ ಇನ್ನಿನ ಗೋಡೆಗೆ ರೆಕ್ಕೆಯಿರುವ ಚಕ್ರದ ಕಬ್ಬಿಣದ ಫಲಕ. ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ 'ಅಪಾಯ' ಅಂತ ಬೋರ್ಡು ನೆಟ್ಟವರಲ್ಲೂ ಇವರಿದ್ದರು. ಇವತ್ತು ಕಾರಿನವರು ನೋಡುವ ಎಚ್ಚರಿಕೆ ಫಲಕಗಳ ಹಿರಿಯರು ಅವು.

ಲಂಡನ್ನಿನವರ ಮೆಚ್ಚಿನ ದಾರಿ ಈ ರಿಪ್ಲಿ ರಸ್ತೆ. ಬೆಳಿಗ್ಗೆ ಹೊರಟು, ರಿಪ್ಲಿಯ ಆ್ಯಂಕರ್ ಇನ್‌ನಲ್ಲಿ ಊಟ ಮಾಡಿ, ಸಂಜೆಗೆ ವಾಪಸ್. ಅಲ್ಲಿ ಡಿಬಲ್ ಮನೆತನದ ಅಕ್ಕತಂಗಿಯರು, ಆ್ಯನಿ ಮತ್ತು ಹ್ಯಾರಿಯೆಟ್, ಧೂಳು ಮೆತ್ತಿಕೊಂಡು ಬಂದವರಿಗೆಲ್ಲ ಮುಖ ಸಿಂಡರಿಸದೆ ಬಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಊರಿನ ಚರ್ಚಿನಲ್ಲಿ ಅವರಿಗೊಂದು ಸ್ಮಾರಕವೂ ಆಯಿತು. ಊಟ ಬಡಿಸಿದವರಿಗೆ ಸ್ಮಾರಕ! ನನಗೆ ತುಂಬಾ ಇಷ್ಟವಾದ ವಿಷಯ ಇದು. ಆ್ಯಂಕರ್ ಕಟ್ಟಡ ಇಂದಿಗೂ ಇದೆ.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆಯ, ಹಿಂದಿನ ಚಕ್ರಕ್ಕೆ ಚೈನಿರುವ 'ರೋವರ್' ಮಾಡಿದ. ನಮ್ಮಪ್ಪ ಹಾಲು ತರಲು ಹೋಗುತ್ತಿದ್ದ ಸೈಕಲ್ಲು ಇದರ ಮೊಮ್ಮಗ. 1888ರಲ್ಲಿ ಡನ್ಲಪ್ಪನ ಗಾಳಿ ಟಯರು ಬಂತು. ಅದೇ ವರ್ಷ ಒಂದು ಕಾಯಿದೆ ಸೈಕಲ್ಲೂ ಒಂದು ಗಾಡಿ, ಅದಕ್ಕೂ ರಸ್ತೆಯ ಮೇಲೆ ಹಕ್ಕಿದೆ ಎಂದು ದೇಶಕ್ಕೆಲ್ಲ ಒಟ್ಟಾಗಿ ಒಪ್ಪಿತು. ಅದರ ಜೊತೆಗೇ ಬೆಲ್ಲು ಹೊಡೆಯಬೇಕು, ಕತ್ತಲಾದರೆ ದೀಪ ಹಚ್ಚಬೇಕು ಎಂಬ ಷರತ್ತು. ಡೈನಮೋ ಇಲ್ಲದೆ ಪೊಲೀಸಿನವನ ಕೈಗೆ ಸಿಕ್ಕಿಬಿದ್ದ ನಮ್ಮೂರಿನ ದಿನಗಳು ನೆನಪಾದವು.

ಇನ್ನು ರಸ್ತೆ. ಆಗಿನದು ಜಲ್ಲಿ ಹಾಸಿದ ರಸ್ತೆ, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. 1886ರಲ್ಲಿ ಟೂರಿಂಗ್ ಕ್ಲಬ್ಬು ಇನ್ನೊಂದು ಸೈಕಲ್ ಸಂಘದ ಜೊತೆ ಸೇರಿ ರೋಡ್ಸ್ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಕಟ್ಟಿತು. ರಸ್ತೆಯನ್ನು ಹೇಗೆ ರಿಪೇರಿ ಮಾಡಬೇಕು ಎಂಬ ಕಿರುಹೊತ್ತಗೆಗಳನ್ನು ಅಚ್ಚು ಹಾಕಿ ಹಂಚಿತು. ಕಾರು ಇಂಗ್ಲೆಂಡಿಗೆ ಕಾಲಿಡುವ ಮೊದಲೇ! 1901ರಲ್ಲಿ ಅದರ ಕಾರ್ಯದರ್ಶಿಯಾದ ರೀಸ್ ಜೆಫ್ರಿಸ್ ಸ್ವತಃ ಸೈಕಲ್ ಹುಚ್ಚಿನವರು. ಮುಂದೆ ಸರ್ಕಾರ 1910ರಲ್ಲಿ ರೋಡ್ ಬೋರ್ಡ್ ಮಾಡಿದಾಗ ಅದರ ಕಾರ್ಯದರ್ಶಿಯೂ ಅವರೇ ಆದರು. ನುಣುಪಾದ ರಸ್ತೆ ಬೇಕು ಅಂತ ಮೊದಲು ಗಲಾಟೆ ಎಬ್ಬಿಸಿದವರು ಕಾರಿನವರಲ್ಲ.

ಎಚ್.ಜಿ. ವೆಲ್ಸ್ ವೋಕಿಂಗ್‌ಗೆ ಬಂದು ನೆಲೆಸಿದ್ದು 1895ರಲ್ಲಿ. ಅಲ್ಲೇ ಸೈಕಲ್ ಕಲಿತು, ಬಟ್ಟೆ ಅಂಗಡಿಯ ಗುಮಾಸ್ತನೊಬ್ಬ ರಜೆಯಲ್ಲಿ ಇದೇ ಪೋರ್ಟ್ಸ್‌ಮತ್ ರಸ್ತೆ ಹಿಡಿದು ಹೋಗುವ ಕಾದಂಬರಿ ಬರೆದರು. ಮಂಗಳ ಗ್ರಹದವರು ಬಂದು ಯಾವ್ಯಾವ ಊರನ್ನು ಸುಡಬೇಕು ಅಂತ ಗುರುತು ಹಾಕಿಕೊಂಡದ್ದೂ ಸೈಕಲ್ ಮೇಲೆ ಓಡಾಡುತ್ತಲೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ರಿಪ್ಲಿಯಿಂದ ಒಂದೆರಡು ಮೈಲಿ ದೂರ ಆಕಮ್ ಎಂಬ ಹಳ್ಳಿ. ತರ್ಕಶಾಸ್ತ್ರದವರು ಹೇಳುವ ಆಕಮ್ಮನ ಕ್ಷೌರಕತ್ತಿಯ ವಿಲಿಯಂ ಹುಟ್ಟಿದ್ದು ಇಲ್ಲಿ ಅನ್ನುತ್ತಾರೆ. ಮೊದಲ ಪ್ರೋಗ್ರಾಮರ್ ಅಂತ ನಾವೆಲ್ಲ ಹೇಳುವ ಏಡಾ ಲವ್‌ಲೇಸ್ ಮದುವೆಯಾಗಿ ಬಂದದ್ದೂ ಇದೇ ಊರಿನ ದೊಡ್ಡ ಮನೆಗೆ. ಅಲ್ಲಿನ ಹೋಬಾಯ್ ಹೋಟೆಲಿಗೆ 1898ರ ಅಕ್ಟೋಬರ್ 27ರಂದು ಲೇಡಿ ಹಾರ್ಬರ್ಟನ್ ಸೈಕಲ್ ತುಳಿದುಕೊಂಡು ಬಂದರು. ವಯಸ್ಸು ಐವತ್ತು ದಾಟಿತ್ತು. ನೆಲ ಗುಡಿಸುವ ಲಂಗದ ಬದಲು ಮಂಡಿಯ ಕೆಳಗೆ ಬಿಗಿಯುವ ದೊಗಳೆ ಷರಾಯಿ ಹಾಕಿದ್ದರು. ಹೆಂಗಸರಿಗೆ ಓಡಾಡಲು ಬರುವ ಬಟ್ಟೆ ಬೇಕು ಅಂತ 1881ರಲ್ಲೇ ಸಂಘ ಕಟ್ಟಿದವರು ಅವರು.

ಹೋಟೆಲಿನ ಕಾಫಿ ರೂಮಿನಲ್ಲಿ, ಅಂದರೆ ಮರ್ಯಾದಸ್ತರು ಕೂರುವ ಊಟದ ಕೋಣೆಯಲ್ಲಿ, ಊಟ ಬೇಕೆಂದರು. ಈ ವೇಷದಲ್ಲಿ ಒಳಗೆ ಬಿಡುವುದಿಲ್ಲ ಎಂದರು ಹೋಟೆಲಿನ ಒಡತಿ ಮಿಸೆಸ್ ಸ್ಪ್ರೇಗ್. ಬೇಕಿದ್ದರೆ ಗಂಡಸರು ಕುಡಿಯುತ್ತಾ ಸೇದುತ್ತಾ ಕೂತಿದ್ದ ಬಾರಿನ ಕೋಣೆಗೆ ಹೋಗಬಹುದಿತ್ತು. ಲೇಡಿ ಹಾರ್ಬರ್ಟನ್ ಊಟ ಮಾಡದೆ ಹೊರಟರು.

ಆ ಹೋಟೆಲಿನ ಗೋಡೆಗೆ ಕ್ಲಬ್ಬಿನ ರೆಕ್ಕೆ ಚಕ್ರದ ಫಲಕವಿತ್ತು. ಅವರು ಕ್ಲಬ್ಬಿನ ಸದಸ್ಯೆ. ಕ್ಲಬ್ಬು ಸುಮ್ಮನಿರಲಿಲ್ಲ, ಪ್ರಯಾಣಿಕರಿಗೆ ಊಟ ನಿರಾಕರಿಸುವ ಹಾಗಿಲ್ಲ ಅಂತ ಕೇಸು ಹಾಕಿತು. 1899ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ವಿಚಾರಣೆ. ಬೇರೆ ಕೋಣೆಯಲ್ಲಿ ಊಟ ಕೊಡುತ್ತೇನೆ ಅಂದಿದ್ದರಲ್ಲ, ಹಾಗಾಗಿ ನಿರಾಕರಿಸಿದ ಹಾಗಾಗಲಿಲ್ಲ ಎಂದು ಒಡತಿಗೆ ಬಿಡುಗಡೆಯಾಯಿತು. ಆ ವರ್ಷ ಕ್ಲಬ್ಬಿನಲ್ಲಿ 60 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ರಸ್ತೆ ಗೆದ್ದವರಿಗೆ ಒಂದು ಕುರ್ಚಿ ಗೆಲ್ಲಲಾಗಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವುದೇ. ಕಾರು ಬಂತು, ಡಾಂಬರು ಬಂತು, ಹೆದ್ದಾರಿ ಕೈತಪ್ಪಿತು. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕ ಸೈಕಲ್ಲಿಗೆಂದೇ ಪಟ್ಟಿ ಮಾಡಿದಾಗ ಅದನ್ನು ವಿರೋಧಿಸಿದ್ದು ಇದೇ ಕ್ಲಬ್ಬು! ಮೊದಲು ಪಕ್ಕಕ್ಕೆ ಸರಿಸುತ್ತಾರೆ, ಆಮೇಲೆ ಓಡಿಸುತ್ತಾರೆ ಎಂಬ ಭಯ. ಅದು ಹಟವೋ ದೂರದೃಷ್ಟಿಯೋ ನನಗಿನ್ನೂ ಬಗೆಹರಿದಿಲ್ಲ. ಕಾರಿನ ತೆರಿಗೆ ರಸ್ತೆಗೇ ಮೀಸಲು ಎಂಬ ಹಳೆಯ ಏರ್ಪಾಡು 1937ರಲ್ಲೇ ನಿಂತಿತು. ನ್ಯೂವಾರ್ಕ್ ಲೇನನ್ನು ನೋಡಿಕೊಳ್ಳುವುದು ಕೌಂಟಿ ಕೌನ್ಸಿಲ್, ಅದಕ್ಕೆ ನಾನೂ ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿದ್ದೆ. ಆ ಮಹಾಶಯನಿಗೆ ಹೇಳಬೇಕಿದ್ದ ಉತ್ತರ ಇದು.

1970ರ ದಶಕದಲ್ಲಿ ರಿಪ್ಲಿಗೆ ಬೈಪಾಸ್ ಆಯಿತು. ಪೋರ್ಟ್ಸ್‌ಮತ್ ಕಡೆಯ ವಾಹನಗಳೆಲ್ಲ ಎ3 ರಸ್ತೆಗೆ ಹೋದವು, ಊರಿನ ಬೀದಿ ಮತ್ತೆ ಸ್ವಲ್ಪ ಉಸಿರಾಡಿತು. ರೈಲು ಮಾಡಿದ್ದ ಉಪಕಾರವನ್ನೇ ಹೆದ್ದಾರಿ ಇನ್ನೊಂದು ಸಲ ಮಾಡಿತು. ಆದರೂ ಗಾಳಿ ಆ ಕಡೆಯಿಂದ ಬೀಸಿದರೆ ಎ3 ಸದ್ದು ಆಕಮ್‌ಗೆ ಜೇನುಗೂಡಿನ ಹಾಗೆ ಕೇಳುತ್ತದೆ.

ಒಂದು ಭಾನುವಾರ ಇಬ್ಬರೂ ಹೋಬಾಯ್ ನೋಡಲು ಹೋದೆವು. ಕೆಂಪು ಇಟ್ಟಿಗೆಯ, ಚರ್ಚೋ ಬಂಗಲೆಯೋ ಎನ್ನಿಸುವ ಕಟ್ಟಡ. ಈಗ ಹೋಟೆಲ್ ಇಲ್ಲ, ಜನ ವಾಸವಾಗಿದ್ದಾರೆ. ರಸ್ತೆಯಂಚಿನ ಹುಲ್ಲಿನ ಮೇಲೆ ಸೈಕಲ್ ಮಲಗಿಸಿ ಕಥೆ ಹೇಳಿದೆ.

"ಅಲ್ಲ ರೀ, ಪ್ಯಾಂಟ್ ಹಾಕಿಕೊಂಡು ಬಂದರು ಅಂತ ಊಟ ಕೊಡಲಿಲ್ಲವಾ?" ಎಂದಳು ನನ್ನಾಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರಸೀಕೆರೆಯಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ತನ್ನ ಲಂಗ ಚೈನಿಗೆ ಸಿಕ್ಕಿ ಬಿದ್ದದ್ದನ್ನು ಹೇಳಿದಳು. ಮಂಡಿ ತರಚಿತ್ತಂತೆ. ಮರುದಿನದಿಂದ ಅಜ್ಜಿ ಸೈಕಲ್ ಮುಟ್ಟಲು ಬಿಡಲಿಲ್ಲವಂತೆ.

"ತಪ್ಪು ಲಂಗದ್ದು. ನಿಲ್ಲಿಸಿದ್ದು ಸೈಕಲ್ಲು" ಎಂದಳು.

ಆಮೇಲೆ ಟ್ರ್ಯಾಕ್ ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡು, ಬ್ಯಾಗಿನಿಂದ ಫ್ಲಾಸ್ಕ್ ತೆಗೆದು, ಅದೇ ಕಟ್ಟಡದ ಎದುರಿಗೆ ಕೂತು ಇಬ್ಬರಿಗೂ ಕಾಫಿ ಬಗ್ಗಿಸಿದಳು. ಇಂಡಿಯಾದಿಂದ ತಂದಿದ್ದ ಫಿಲ್ಟರ್ ಪುಡಿ ಅವತ್ತಿಗೆ ಮುಗಿದಿತ್ತು.