ಮಂಗಳೂರು–ದುಬೈ: ಆಕಾಶದ ದೂರ, ಗಡಿಯಾರದ ಲೆಕ್ಕ

ಕರಾವಳಿಯ ಸಾವಿರಾರು ಮನೆಗಳಿಗೆ ದುಬೈ ಎಂದರೆ ಮಗನೋ ಅಳಿಯನೋ ದುಡಿಯುವ ಊರು. ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ವಿಮಾನ ಏರಿದವರು ಅಲ್ಲಿ ಇಳಿಯಲು ಎಷ್ಟು ಹೊತ್ತು ಬೇಕು? ಟಿಕೆಟಿನ ಮೇಲಿನ ಸಮಯವನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ.

ದೂರ ಎಷ್ಟು?

ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದುಬೈ 25 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವದಲ್ಲಿದೆ. ಭೂಮಿಯ ಗೋಳಾಕಾರವನ್ನು ಹಿಡಿದು ಅಳೆದರೆ ಇವೆರಡರ ನಡುವಿನ ಅತಿ ಹತ್ತಿರದ ದಾರಿ ಸುಮಾರು 2,460 ಕಿ.ಮೀ. ಬೆಂಗಳೂರಿನ ವೈಮಾನಿಕ ದೂರಕ್ಕೆ ಹೋಲಿಸಿದರೆ ಎಂಟು ಪಟ್ಟು. ಈ ಗೆರೆ ವಾಯವ್ಯಕ್ಕೆ ಅರಬ್ಬಿ ಸಮುದ್ರವನ್ನು ದಾಟಿ ಒಮಾನಿನ ಮಸ್ಕತ್ ಸಮೀಪ ಹಾಯುತ್ತದೆ. ನಿಗದಿತ ವಾಯುಮಾರ್ಗ ಹಿಡಿಯಬೇಕಾದ್ದರಿಂದ ವಿಮಾನ ಹಾರುವ ದೂರ ಇದಕ್ಕಿಂತ ಸ್ವಲ್ಪ ಹೆಚ್ಚು.

ಹಾರಾಟದ ಸಮಯ

ಬೋಯಿಂಗ್ 737ರಂಥ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಬರೀ ಭಾಗಾಕಾರ ಮಾಡಿದರೆ ಮೂರು ಗಂಟೆ. ಏರುವ, ಇಳಿಯುವ, ರನ್‌ವೇಗೆ ಸಾಗುವ ಹೊತ್ತು ಸೇರಿದರೆ ಸುಮಾರು ಮೂರೂವರೆ ಗಂಟೆ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ಉತ್ತರ ಭಾಗದ ಮೇಲೆ ಪಶ್ಚಿಮದಿಂದ ಬೀಸುವ ಮೇಲ್ಮಟ್ಟದ ಗಾಳಿ ಊರಿಗೆ ಬರುವ ವಿಮಾನವನ್ನು ತಳ್ಳುತ್ತದೆ, ಹೋಗುವುದನ್ನು ತಡೆಯುತ್ತದೆ.

ಒಂದೂವರೆ ಗಂಟೆಯ ಮಾಯೆ

ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಬಜಪೆ ಬಿಟ್ಟ ವಿಮಾನ ಮೂರೂವರೆ ಗಂಟೆ ಹಾರಿದರೂ ಅಲ್ಲಿಯ 10 ಗಂಟೆಗೆ ಇಳಿಯುತ್ತದೆ. ಟಿಕೆಟಿನಲ್ಲಿ ಕಾಣುವ ಅಂತರ ಎರಡೇ ಗಂಟೆ. ಅಲ್ಲಿಂದ 10ಕ್ಕೆ ಹೊರಟರೆ ಇಲ್ಲಿ ಮಧ್ಯಾಹ್ನ 3 ಗಂಟೆ. ಅಂತರ ಐದು ಗಂಟೆ! ಸೂರ್ಯನ ಲೆಕ್ಕದಲ್ಲಿ ಎರಡೂ ಊರುಗಳ ವ್ಯತ್ಯಾಸ 78 ನಿಮಿಷವಷ್ಟೇ. ಉಳಿದ 12 ನಿಮಿಷ ದೇಶಗಳು ಗೊತ್ತುಮಾಡಿಕೊಂಡ ಸಮಯದ್ದು.

ಗುಡ್ಡದ ಮೇಲಿನ ನಿಲ್ದಾಣ

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಬಂದಿಳಿದ ಡಗ್ಲಾಸ್ ಡಿಸಿ-3 ವಿಮಾನದೊಂದಿಗೆ ಬಜಪೆ ನಿಲ್ದಾಣ ಆರಂಭವಾಯಿತು. ಮೊದಲ ರನ್‌ವೇ 1,615 ಮೀಟರ್. 2,450 ಮೀಟರಿನ ಎರಡನೆಯದು ಬಂದ 2006ರಲ್ಲೇ, ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಹಾರಾಟ ಶುರುಮಾಡಿತು. ಅದಕ್ಕೂ ಮುಂಚೆ ಗಲ್ಫಿಗೆ ಹೋಗುವವರು ಮುಂಬೈಯನ್ನೋ ಬೇರೆ ಊರಿನ ನಿಲ್ದಾಣವನ್ನೋ ಹಿಡಿಯಬೇಕಿತ್ತು. ಮುಂಬೈಗೆ ರಾತ್ರಿಯಿಡೀ ಬಸ್ಸಿನಲ್ಲಿ ಕಳೆದ ಹೊತ್ತು, ಆಮೇಲಿನ ಹಾರಾಟಕ್ಕಿಂತ ದೀರ್ಘ.

ಬಜಪೆಯದು ಎರಡೂ ತುದಿಗಳಲ್ಲಿ ಇಳಿಜಾರಿರುವ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿ 158 ಜನ ತೀರಿಕೊಂಡರು. ಉಳಿದವರು ಎಂಟೇ ಮಂದಿ.

ಪ್ರಯಾಣಿಕರಿಗೆ

ಟಿಕೆಟಿನಲ್ಲಿರುವುದು ಆಯಾ ಊರಿನ ಸಮಯ. ಹಾರಾಟ ಎಷ್ಟು ಹೊತ್ತೆಂದು ತಿಳಿಯಲು, ಹೋಗುವಾಗ ಟಿಕೆಟಿನ ಅಂತರಕ್ಕೆ ಒಂದೂವರೆ ಗಂಟೆ ಕೂಡಿಸಿ. ಬರುವಾಗ ಅಷ್ಟೇ ಕಳೆಯಿರಿ.